ಬಾವಿಯೊಳಗೆ ಸರ್ವನಾಮವಿಲ್ಲ

ನಮ್ಮ ಮನೆಯ ಬಾಗಿಲು ಬಡಿದವರು ಒಂದು ಸಣ್ಣ ಪರೀಕ್ಷೆಯಲ್ಲಿ ಪಾಸಾಗಬೇಕಾಗುತ್ತದೆ. ಒಳಗಿನಿಂದ ನಾನು “ಯಾರು” ಎಂದು ಕೇಳುತ್ತೇನೆ. ಹೊರಗಿನಿಂದ “ನಾನು” ಎಂಬ ಉತ್ತರ ಬರುತ್ತದೆ. ಬೆಳಿಗ್ಗೆ ಹಾಲು ತಂದವನೂ ನಾನು, ಮಧ್ಯಾಹ್ನ ಅಂಚೆ ತಂದವನೂ ನಾನು, ಸಂಜೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯಾಕೆಯೂ ನಾನು. ಇಷ್ಟು ಜನ “ನಾನು” ಇರುವ ಲೋಕದಲ್ಲಿ ನಾನೂ ಒಬ್ಬ ಇದ್ದೇನೆಂಬುದೇ ಒಮ್ಮೊಮ್ಮೆ ಸಂಶಯವಾಗುತ್ತದೆ. ಹೆಸರು ಹೇಳದೆ ನಾನು ಚಿಲಕ ತೆಗೆಯುವವನಲ್ಲ. ಹಾಲಿನವನಿಗೆ ಇದು ರೂಢಿಯಾಗಿ, ಈಗ ಬೀದಿಯ ತಿರುವಿನಿಂದಲೇ ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಕೂಗಿಕೊಂಡು ಬರುತ್ತಾನೆ. ನನ್ನ ಹೆಂಡತಿ, ಇವರಿಗೆ ಪೊಲೀಸು ನೌಕರಿ ಸಿಗಬೇಕಾಗಿತ್ತು ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ನಗಲಿ. ನನಗೆ ಮಾತ್ರ “ಯಾರು” ಎಂದು ಕೇಳಿ ಉತ್ತರಕ್ಕೆ ಕಾಯುವ ಆ ಒಂದು ಗಳಿಗೆಯಲ್ಲಿ ಗಂಟಲಿಗೆ ಮಣ್ಣಿನ ದೂಳು ಬಂದು ಕೂತಂತಾಗುತ್ತದೆ. ಅದು ಬಬಲೇಶ್ವರದ ಒಂದು ಬಾವಿಯ ದೂಳು. ಅದನ್ನು ಹೇಳಬೇಕು. ಅದನ್ನು ಹೇಳಬೇಕಾದರೆ ಇಂಗ್ಲಿಷಿನ ಸರ್ವನಾಮಗಳನ್ನು ನಾನು ಕಲಿತದ್ದನ್ನು ಹೇಳಬೇಕು, ಏಕೆಂದರೆ ಎರಡನ್ನೂ ನನಗೆ ತೋರಿಸಿದವರು ಒಬ್ಬರೇ.

ಅವರು ಹಂಚಿನಾಳ ಮಾಸ್ತರು. ಆಗ ಎಲ್ಲರ ಬಾಯಲ್ಲಿ ವಿಜಾಪುರವೇ ಆಗಿದ್ದ, ನಾನೀಗ ಇರುವ ಈ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಾನು ತಿಕೋಟಾದವನು. ಅಪ್ಪನಿಗೆ ಅಲ್ಲಿ ಹತ್ತಿಯ ವ್ಯಾಪಾರ. ಓದಲೆಂದು ನನ್ನನ್ನು ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ಒಂದು ಕೋಣೆ ಹಿಡಿದು ಇಟ್ಟಿದ್ದರು. ಇಂಗ್ಲಿಷರು ಇನ್ನೂ ಹೋಗಿರಲಿಲ್ಲ. ಹೋಗುತ್ತಾರಂತೆ ಎಂಬ ಮಾತು ಎಲ್ಲ ಕಟ್ಟೆಗಳ ಮೇಲೂ ಇತ್ತು. ಹೋಗುವವರ ಸರ್ವನಾಮ ನಮಗೇಕೆ ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದ್ದಕ್ಕೆ ಮಾಸ್ತರು, ಅವರು ಹೋದ ಮೇಲೆ ಅವರಿಗೆ ಕಾಗದ ಬರೆಯಬೇಕಾದರೆ ತಪ್ಪಿಲ್ಲದೆ ಬರೆಯಬೇಕಲ್ಲ ಎಂದಿದ್ದರು.

ನಮ್ಮ ಸೀಮೆಯ ಹುಡುಗರಿಗೆ ಒಂದು ವಿಶೇಷವಾದ ತಪ್ಪಿತ್ತು. ಬೇರೆಯವರು ಈ ತಪ್ಪು ಮಾಡಲಾರರು. ಅಪ್ಪನ ಮೇಲೆ ನಾಲ್ಕು ವಾಕ್ಯ ಬರೆಯಿರಿ ಎಂದರೆ ನಾವು, ಮೈ ಫಾದರ್ ಅಂಗಡಿಯಲ್ಲಿ ಕೂತಿದ್ದಾರೆ, ದೇ ಆರ್ ವೆರಿ ಗುಡ್ ಎಂದು ಬರೆಯುತ್ತಿದ್ದೆವು. ಅಪ್ಪನಿಗೆ “ಅವರು” ತಾನೆ? ಮಾಸ್ತರು ನನ್ನ ಪಾಟಿಯನ್ನು ಎತ್ತಿ ಹಿಡಿದು ಕೇಳಿದರು.

“ನಿಮ್ಮಪ್ಪ ಒಬ್ಬಾಂವೋ, ಇಡೀ ಓಣಿ ಮಂದೀನೋ?”

“ಒಬ್ಬರ್ರೀ.”

“ಮತ್ತ ಹಿ ಅಂತ ಬರಿ.”

ನನ್ನ ಕೈ ಏಳಲಿಲ್ಲ. ಹಿ ಎಂದರೆ ಅವನು. ಇಡೀ ತಿಕೋಟಾ ಎದ್ದು ನಿಂತು ನಮಸ್ಕಾರ ಮಾಡುವ ಅಪ್ಪನನ್ನು ಅವನು ಎನ್ನುವುದೆಂದರೇನು? ಕೊನೆಗೆ ಹಿ ಎಂದು ಬರೆದು, ಯಾರೂ ನೋಡದಾಗ ಆ ಅಕ್ಷರಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡೆ.

ರಜೆಗೆ ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೊಂದಾಗಿ ಕೇಳಿದಳು. ಮಾವನಿಗೆ ಏನೆನ್ನುತ್ತಾರೆ? ಹಿ. ಮನೆಯ ಆಳಿಗೆ? ಹಿ. ಎದುರಿಗೆ ಕೂತ ಸ್ವಾಮಿಗಳಿಗೆ? ಯೂ. ಮೊಮ್ಮಗನಿಗೆ? ಯೂ. ನಾಯಿಗೆ? ಇಟ್. ಅವ್ವ ಹಿಟ್ಟಿನ ಕೈ ಝಾಡಿಸಿ, “ನಾಯಿಗರ ಬ್ಯಾರೆ ಇಟ್ಟಾರಲ್ಲ, ಅಷ್ಟರ ಸಮಾಧಾನ” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಐ ಮತ್ತು ಮಿಗಳದ್ದು ಇನ್ನೊಂದು ಗೋಳು. ಮಾಸ್ತರು ಅದನ್ನು ಬೆತ್ತದಿಂದ ಕಲಿಸಿದರು. ಹಾಗೆಂದರೆ ಹೊಡೆದು ಕಲಿಸಿದರು ಎಂದಲ್ಲ. ಬೆತ್ತವನ್ನು ಒಬ್ಬನ ಕೈಗೆ ಕೊಟ್ಟು ಇನ್ನೊಬ್ಬನನ್ನು ಎದುರಿಗೆ ನಿಲ್ಲಿಸಿ, ಹೊಡೆಯುವವನು ಐ, ಹೊಡೆಸಿಕೊಳ್ಳುವವನು ಮಿ, ಯಾರು ಏನಾಗುತ್ತೀರಿ ನೀವೇ ನೋಡಿಕೊಳ್ಳಿ ಎನ್ನುತ್ತಿದ್ದರು. ಎಲ್ಲರೂ ಐ ಆಗಲು ಜಗಳವಾಡುತ್ತಿದ್ದೆವು. ಮಿ ಬರಬೇಕಾದಲ್ಲಿ ಬಿಟ್ವೀನ್ ಯೂ ಆಂಡ್ ಐ ಎಂದು ಯಾರಾದರೂ ಬರೆದರೆ ಮಾಸ್ತರರ ಮುಖ ಹಲ್ಲು ನೋವು ಬಂದವರಂತೆ ಆಗುತ್ತಿತ್ತು. ಒಂದು ದಿನ ತಾವೇ ಹೊರಗೆ ಹೋಗಿ ಬಾಗಿಲು ಹಾಕಿಕೊಂಡು ಬಡಿದರು. ನಾವೆಲ್ಲ ಕಲಿಸಿದ ಹಾಗೆ ಯಾರೆಂದು ಇಂಗ್ಲಿಷಿನಲ್ಲಿ ಕೂಗಿದೆವು. ಹೊರಗಿನಿಂದ ಗಂಭೀರವಾಗಿ “ಇಟ್ ಈಸ್ ಐ” ಎಂದು ಬಂತು. ಮಿ ಅಲ್ಲ, ಐ. ನಮಗೆ ಮೈ ಜುಮ್ಮೆಂದಿತು. ಇಂಗ್ಲಿಷಿನಲ್ಲಿ ಆ ಒಂದು ಅಕ್ಷರ ವಾಕ್ಯದ ನಡುವೆ ಎಲ್ಲಿ ಬಂದರೂ ದೊಡ್ಡಕ್ಷರವಾಗಿ ಸೆಟೆದು ಎತ್ತರವಾಗಿಯೇ ನಿಲ್ಲುತ್ತದೆ. ಯೂ ಬಗ್ಗುತ್ತದೆ, ಹಿ ಬಗ್ಗುತ್ತದೆ, ಐ ಮಾತ್ರ ಬಗ್ಗುವುದಿಲ್ಲ. ಗೋಳಗುಮ್ಮಟದ ಮಿನಾರಿನ ಹಾಗೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಮೂವರನ್ನು ಒಟ್ಟಿಗೆ ಹೇಳುವಾಗ ಮೊದಲು ಯೂ, ಆಮೇಲೆ ಹಿ, ಕೊನೆಗೆ ಐ. ಅಷ್ಟು ಎತ್ತರದವನು ಸಾಲಿನ ಕೊನೆಗೆ ನಿಲ್ಲಬೇಕು ಎಂಬುದು ಆಗ ನಮಗೆ ಅನ್ಯಾಯವೆನಿಸಿತ್ತು.

ಇಷ್ಟೆಲ್ಲ ಕಲಿತೂ, ವಿಜಾಪುರಕ್ಕೆ ಹೊಸದಾಗಿ ಬಂದ ಕಾಲೇಜಿನ ಮೊದಲ ವರ್ಷದಲ್ಲಿ ನಾನು ಇಂಗ್ಲಿಷಿನಲ್ಲೇ ಫೇಲಾದೆ. ಹೂ ಮತ್ತು ಹೂಮ್ ನನ್ನನ್ನು ಮುಗಿಸಿದವು. ಮಾಸ್ತರು ದಾರಿಯಲ್ಲಿ ಸಿಕ್ಕವರು, ಬೇಸಿಗೆಗೆ ಬಬಲೇಶ್ವರದ ತಮ್ಮ ಹೊಲಕ್ಕೆ ಬಾ, ಬೇವಿನ ಮರದ ಕೆಳಗೆ ಹೇಳಿಕೊಡುತ್ತೇನೆ ಎಂದರು. ನಾನು ತಿಕೋಟಾದಿಂದ ಸೈಕಲ್ ತುಳಿದುಕೊಂಡು ಹೋದೆ.

ಅಲ್ಲಿ ನನಗೆ ಸಿಕ್ಕ ಮಾಸ್ತರು ಬೇರೆಯೇ. ಕೋಟು, ಟೊಪ್ಪಿಗೆ ಇಲ್ಲ. ಧೋತರ ಮೊಣಕಾಲ ಮೇಲೆ ಕಟ್ಟಿ, ಮೈತುಂಬ ರಾಡಿ ಮಾಡಿಕೊಂಡು ಬಾವಿಯಿಂದ ಹತ್ತಿ ಬಂದರು. ಅವರ ಅಣ್ಣ ಬಸಗೊಂಡಪ್ಪನವರು ಅವರನ್ನು “ಮಲ್ಲೇಶಪ್ಪ” ಎಂದು ಕರೆಯುತ್ತಿದ್ದರು. ಇಷ್ಟು ವರ್ಷ ನೋಟೀಸು ಬೋರ್ಡಿನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳಾಗಿದ್ದ ಮನುಷ್ಯನಿಗೆ ಒಂದು ಹೆಸರಿದೆ ಎಂದು ನನಗೆ ಅಂದೇ ಗೊತ್ತಾದದ್ದು. ನಗು ತಡೆಯಲು ಸೈಕಲ್ಲಿನ ಸರಪಳಿ ನೋಡುತ್ತ ಕೂತೆ.

ಆ ಹೆಸರನ್ನು ಬಾಯಿಗೆ ತರದವರು ಆ ಮನೆಯಲ್ಲಿ ಒಬ್ಬರಿದ್ದರು. ಅವರು ಮಾಸ್ತರರ ಹೆಂಡತಿ ನೀಲಕ್ಕ. ನಮ್ಮಲ್ಲಿ ಗಂಡನ ಹೆಸರು ಹೇಳುವ ಪದ್ಧತಿ ಇರಲಿಲ್ಲ. ಅವರು, ಇವರು, ಹೆಚ್ಚೆಂದರೆ ಶಾಲೆಯ ಲೆಕ್ಕದಲ್ಲಿ ಸಾಲಿಯವರು, ಇಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು. ಮದುವೆ, ಸೀಮಂತಗಳಲ್ಲಿ ಹೆಣ್ಣುಮಕ್ಕಳು ಹೊಸ್ತಿಲಿಗೆ ಅಡ್ಡ ನಿಂತು ಕಾಡಿದಾಗ ಒಂದು ಒಡಪು ಕಟ್ಟಿ, ಎರಡು ಸಾಲಿನ ಪ್ರಾಸದ ಮರೆಯಲ್ಲಿ ಗಂಡನ ಹೆಸರನ್ನು ಥಟ್ಟನೆ ಹೇಳಿ ಓಡಿಹೋಗಬೇಕು. ಅಷ್ಟಕ್ಕೆ ಮಾತ್ರ ಪರವಾನಗಿ. ಇನ್ನು ಗಂಡನ ಅಣ್ಣನ ಮುಂದಂತೂ ಆಕೆ ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ಬಸಗೊಂಡಪ್ಪನವರು ಅಂಗಳಕ್ಕೆ ಬಂದರೆ ಸೆರಗು ಮುಂದಕ್ಕೆ ಬರುತ್ತಿತ್ತು, ಮಾತು ಪಿಸುಮಾತಾಗುತ್ತಿತ್ತು. ಒಂದೇ ಮನೆಯಲ್ಲಿದ್ದೂ ಆ ಭಾವ ತಮ್ಮನ ಹೆಂಡತಿಯ ನಿಜವಾದ ದನಿ ಕೇಳಿರಲಿಲ್ಲ.

ಅವರ ಬಾವಿ ಹಳೆಯದು, ಅಗಲವಾದದ್ದು. ಕಪಲಿಯ ಬಾವಿ. ಎತ್ತುಗಳು ಬಾವಿಗೆ ಬೆನ್ನು ಮಾಡಿ ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ, ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಚೀಲ ಬಿಚ್ಚಿ ಅದೇ ಹಗ್ಗಕ್ಕೆ ಬುಟ್ಟಿ ಕಟ್ಟಿ ಹೂಳು ತೆಗೆಯುತ್ತಿದ್ದರು. ಮನುಷ್ಯರು ಇಳಿಯುವಾಗ, ಏರುವಾಗ ಬುಟ್ಟಿಯ ಬದಲು ಹಗ್ಗದ ಕುಣಿಕೆಗೆ ಒಂದು ಹಲಗೆ. ಆ ವಾರ ತಳದಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರು, ಮಾಸ್ತರು ಮತ್ತು ಪಕ್ಕದ ಹೊಲದ ಗುರುಬಾಳ. ಎತ್ತು ಹೊಡೆಯುವವರು ಬಸಗೊಂಡಪ್ಪನವರು. ಮೇಲೆ ಬಂದ ಬುಟ್ಟಿಯನ್ನು ಹಿಡಿದು ಪಕ್ಕಕ್ಕೆ ಸುರಿಯುವ ಕೆಲಸಕ್ಕೆ ನಾನೂ ಇನ್ನೂ ಕೆಲವರೂ. ವ್ಯಾಕರಣ ಮಧ್ಯಾಹ್ನದ ಊಟದ ನಂತರ ಎಂದು ಒಪ್ಪಂದವಾಗಿತ್ತು.

ಮೊದಲ ದಿನ ನನ್ನನ್ನೂ ಒಮ್ಮೆ ಹಲಗೆಯ ಮೇಲೆ ಕೂರಿಸಿ ಕೆಳಗಿಳಿಸಿದರು. ತಳದಲ್ಲಿ ನಿಂತು ಮೇಲೆ ನೋಡಿದರೆ ಆಕಾಶ ಒಂದು ತಾಟಿನಷ್ಟಿತ್ತು. ತಂಪು, ಕೆಸರಿನ ವಾಸನೆ, ಗೋಡೆಯಲ್ಲಿ ಗೂಡು ಕಟ್ಟಿದ ಪಾರಿವಾಳಗಳ ಗುಟುರು. ಮಾತಾಡಿದರೆ ದನಿ ಸುತ್ತು ಹೊಡೆದು, ಯಾರದೆಂದು ತಿಳಿಯದಂತಾಗಿ ಮೇಲೆ ಹೋಗುತ್ತಿತ್ತು. ಹತ್ತುವ ಹೊತ್ತಿಗೆ ಮೇಲಿನಿಂದ ಯಾರು ಎಂಬ ಕೂಗು ಬಂತು. ನಾನು “ನಾನ್ರೀ, ಎಳೀರಿ” ಎಂದೆ. ಹಗ್ಗ ಅಲುಗಲಿಲ್ಲ. ಮತ್ತೆ ಕೂಗಿದೆ. ಅಲುಗಲಿಲ್ಲ. ಮಾಸ್ತರು ಪಕ್ಕದಲ್ಲಿ ನಿಂತು ನಗುತ್ತಿದ್ದರು. ಕೊನೆಗೆ ನನ್ನ ಹೆಸರು ಹೇಳಿದ ಮೇಲೆ ಹಗ್ಗ ಬಿಗಿಯಾಯಿತು. ಮೇಲೆ ಬಂದಾಗ ಬಸಗೊಂಡಪ್ಪನವರು ಎತ್ತಿನ ಬೆನ್ನು ತಟ್ಟುತ್ತ ಹೇಳಿದರು.

“ಬಾವ್ಯಾಗ ನಾನು, ನೀನು, ಅಂವ, ಅದು ನಡ್ಯಾಂಗಿಲ್ಲ ತಮ್ಮಾ. ನಾ ಬೆನ್ನ ಮಾಡಿ ಎತ್ತ ಹೊಡ್ಯಾಂವ, ನನಗ ಬಾವಿ ಕಾಣೂದಿಲ್ಲ. ಬುಟ್ಟಿ ಅಂದ್ರ ಜಗ್ಗಿಸಿ ಹೊಡೀತೇನಿ. ಮನಷ್ಯಾನ ಹೆಸರ ಬಂತಂದ್ರ ಮದ್ಲಗಿತ್ತಿ ಕರಕೊಂಡ ಬಂದಂಗ ಸಾವಕಾಶ ಬರ್ತೇನಿ. ಹೆಸರ ಬರಲಿಲ್ಲಂದ್ರ ಹೆಜ್ಜಿ ಕೀಳಂಗಿಲ್ಲ.”

ಮಾಸ್ತರು ತಳದಿಂದ ಇದನ್ನು ಕೇಳಿಸಿಕೊಂಡವರು, ಮಧ್ಯಾಹ್ನ ಬೇವಿನ ಕೆಳಗೆ ಕೂತಾಗ, ನಮ್ಮಣ್ಣನ ವ್ಯಾಕರಣದಲ್ಲಿ ಸರ್ವನಾಮ ಎಂಬ ಅಧ್ಯಾಯವೇ ಇಲ್ಲ, ನೀನು ಅಲ್ಲಿಯೂ ಫೇಲಾದೆ ಎಂದು ನನ್ನನ್ನು ಹಾಸ್ಯ ಮಾಡಿದರು.

ಅದಾದ ಎರಡೋ ಮೂರೋ ದಿನಕ್ಕೆ ಅದು ನಡೆಯಿತು. ಬುತ್ತಿ ಬರುವ ಹೊತ್ತು. ಬಾವಿಯ ಒಂದು ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದರ ಬುಡದ ಹೂಳಿಗೆ ಕೈ ಹಚ್ಚುವುದು ಬೇಡ ಎಂದೂ ಮಾತಾಗಿತ್ತು. ಆದರೆ ತಳದ ಕೆಸರು ಮಾತು ಕೇಳುವುದಿಲ್ಲ. ಈ ಕಡೆ ತೆಗೆದರೆ ಆ ಕಡೆಯದು ತಾನೇ ಜಾರಿ ಬರುತ್ತದೆ. ಮೊದಲು ಪಾರಿವಾಳಗಳು ಒಟ್ಟಿಗೆ ಎದ್ದು ಹೋದವು. ಆಮೇಲೆ ನನ್ನ ಅಂಗಾಲಿಗೆ ಏನೋ ಗುದ್ದಿದಂತಾಯಿತು. ಸದ್ದು ಕೊನೆಗೆ ಬಂತು. ಕಲ್ಲು, ಕರಿಮಣ್ಣು ಎಲ್ಲ ಕೂಡಿ ಆ ಕಡೆಯ ಗೋಡೆ ಕೆಳಗೆ ಕೂತುಬಿಟ್ಟಿತು. ಬಾವಿಯ ಬಾಯಿಂದ ದೂಳು ಎದ್ದು ಬೇವಿನ ಮರ ಕಾಣದಾಯಿತು. ನಾವು ನಿಂತಿದ್ದ ದಂಡೆ ಬಿರುಕು ಬಿಟ್ಟಿತ್ತು. ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

ಇಳಿಜಾರಿನಿಂದ ಬಸಗೊಂಡಪ್ಪನವರ ದನಿ ಬಂತು. ಅವರು ತಿರುಗಿರಲಿಲ್ಲ. ಎರಡೂ ಎತ್ತಿನ ಕೊರಳನ್ನು ತಬ್ಬಿ ಹಿಡಿದಿದ್ದರು. ಬೆದರಿದ ಎತ್ತು ಒಂದು ಹೆಜ್ಜೆ ಜಗ್ಗಿದರೂ ಹಗ್ಗ ಉಳಿದ ಗೋಡೆಗೆ ಬಡಿದು ಎಲ್ಲ ಮುಗಿಯುತ್ತಿತ್ತು.

“ಯಾರದೀರಿ? ಹೆಸರ ಹೇಳ್ರಿ.”

ತಳದಿಂದ ಮಾಸ್ತರರ ದನಿ ಬಂತು. ತರಗತಿಯಲ್ಲಿ ಹಾಜರಿ ಕರೆಯುವಷ್ಟು ಸ್ಪಷ್ಟವಾಗಿ.

“ಗುರುಬಾಳ.”

ಹಗ್ಗ ಬಿಗಿಯಾಯಿತು. ಎತ್ತುಗಳು ಇಳಿದವು. ದೂಳಿನೊಳಗಿಂದ ಗುರುಬಾಳ ಬಂದ. ಅವನ ಒಂದು ಕೈ ಜೋತು ಬಿದ್ದಿತ್ತು, ಕಿವಿಯ ಹತ್ತಿರ ರಕ್ತ. ಹಲಗೆಯ ಮೇಲೆ ತಾನಾಗಿ ಕೂತದ್ದಲ್ಲ, ಮಾಸ್ತರು ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಅವನನ್ನು ಹಗ್ಗಕ್ಕೆ ಕಟ್ಟಿ ಕಳಿಸಿದ್ದರು. ಮಾಸ್ತರು ಸೊಂಟದ ತನಕ ಹೂತಿದ್ದಾರೆ, ಕೈ ಮಾತ್ರ ಆಡುತ್ತಿವೆ ಎಂದು ಅವನು ಹೇಳಿ ಮುಗಿಸುವುದರೊಳಗೆ ಕುಣಿಕೆಯನ್ನು ಮತ್ತೆ ಕೆಳಗೆ ಬಿಟ್ಟರು.

ಆಗ ಎರಡನೆಯ ಸಲ ಕುಸಿಯಿತು. ಸಣ್ಣ ಕುಸಿತ. ಆದರೆ ಅದರ ನಂತರ ತಳದಿಂದ ಏನೂ ಬರಲಿಲ್ಲ.

ಅಷ್ಟರಲ್ಲಿ ಸುತ್ತಲಿನ ಹೊಲಗಳ ಜನ ಓಡಿ ಬಂದಿದ್ದರು. ಒಬ್ಬರು ಎಳೀರಿ ಎನ್ನುತ್ತಿದ್ದರು, ಒಬ್ಬರು ತಡೀರಿ ಎನ್ನುತ್ತಿದ್ದರು. ಅವರನ್ನ ಎತ್ತರಿ, ಅದನ್ನ ಬಿಡ್ರಿ, ಅಂವ ಅಲ್ಲಿಲ್ಲ, ಇಲ್ಲೇ ಅದಾರ. ಹತ್ತು ಬಾಯಿಂದ ಹತ್ತು ಕೂಗು. ನನ್ನ ಬಾಯಿಂದ ಏನು ಬಂತೋ ನನಗೆ ಗೊತ್ತಿಲ್ಲ. ಏನೋ ಕೂಗಿದ್ದೆ, ಗಂಟಲು ಸಂಜೆಯವರೆಗೂ ಕಿತ್ತುಹೋಗಿತ್ತು. ಈ ಎಲ್ಲ ಗದ್ದಲ ಬಸಗೊಂಡಪ್ಪನವರ ಬೆನ್ನಿಗೆ ಬಡಿಯುತ್ತಿತ್ತು. ಕುಣಿಕೆ ತಮ್ಮನ ಕಂಕುಳಿಗೆ ಸಿಕ್ಕಿದ್ದರೆ ಎಳೆಯಬೇಕು. ಕಲ್ಲಿಗೆ ಸಿಕ್ಕಿದ್ದರೆ ಎಳೆಯಬಾರದು. ದಂಡೆ ಬಿರಿದಿದ್ದರಿಂದ ಬಗ್ಗಿ ನೋಡಲು ಯಾರೂ ಮುಂದೆ ಹೋಗುವಂತಿರಲಿಲ್ಲ. ಆ ಬೆನ್ನು ನನಗೆ ಇಂದಿಗೂ ಕಾಣುತ್ತದೆ. ಅಂಗಿ ಒದ್ದೆಯಾಗಿ ಅಂಟಿತ್ತು. ಕಾಲು ಕದಲಲಿಲ್ಲ. “ಹೆಸರ ಬರಲಿ” ಎಂದು ಅವರು ಎತ್ತಿನ ಕಿವಿಯಲ್ಲಿ ಹೇಳಿದಂತೆ ಹೇಳುತ್ತಿದ್ದರು. “ಹೆಸರ ಬರಲಿ.”

ಬಾವಿಯ ಆಚೆ ಬದಿಗೆ ಬಂಡೆಯಿತ್ತು. ನೀಲಕ್ಕ ಬುತ್ತಿ ಹೊತ್ತುಕೊಂಡು ಆ ಕಡೆಯ ಕಾಲುದಾರಿಯಿಂದ ಬರುತ್ತಿದ್ದರು. ಬುಟ್ಟಿ ಎಲ್ಲಿ ಇಳಿಸಿದರೋ ನಾನು ನೋಡಲಿಲ್ಲ. ನಾನು ನೋಡಿದಾಗ ಅವರು ಬಂಡೆಯ ಮೇಲೆ ಬೋರಲಾಗಿ ಮಲಗಿ, ಎದೆಯವರೆಗೂ ಬಾವಿಯೊಳಗೆ ಬಗ್ಗಿದ್ದರು. ಸೆರಗು ಜಾರಿ ಗೋಡೆಯ ಮೇಲೆ ಇಳಿಬಿದ್ದಿತ್ತು. ದೂಳು ಆ ಬದಿಗೆ ಸ್ವಲ್ಪ ತಿಳಿಯಾಗಿರಬೇಕು. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಗಾಬರಿಯಲ್ಲಿ ಕಂಡದ್ದಕ್ಕೆಲ್ಲ ಕೂಗುವವರ ನಡುವೆ ಅವರೊಬ್ಬರು ಸುಮ್ಮನೆ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನೋಡುವಂತೆ ನೋಡಿದರು. ಕುಣಿಕೆ ಒಂದು ಕಂಕುಳಿಗೆ ಬಂದಿತ್ತಂತೆ. ಇನ್ನೊಂದು ಕೈ ಕೆಸರಿನಿಂದ ಹೊರಗೆ ಬಂದು, ಹಗ್ಗದೊಳಗೆ ತೂರಿ, ಹಗ್ಗವನ್ನು ಹಿಡಿಯುವವರೆಗೂ ಕಾದರು. ಇದೆಲ್ಲ ಆಮೇಲೆ ಹೆಂಗಸರ ಮೂಲಕ ನಮಗೆ ತಿಳಿದದ್ದು.

ಆಮೇಲೆ ತಲೆಯೆತ್ತಿ, ಬಾವಿಯ ಮೇಲಿಂದ, ಭಾವನ ಬೆನ್ನಿಗೆ ನೇರವಾಗಿ ಕೂಗಿದರು.

“ಮಲ್ಲೇಶಪ್ಪ.”

ಒಂದೇ ಸಲ. ಒಡಪಿಲ್ಲ, ಪ್ರಾಸದ ಮರೆಯಿಲ್ಲ, ಹಿಂದೆ ಮುಂದೆ ಏನೂ ಇಲ್ಲ. ಗದ್ದಲ ಕತ್ತರಿಸಿದಂತೆ ನಿಂತಿತು. ಆ ದನಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಬಸಗೊಂಡಪ್ಪನವರೂ ಕೇಳಿರಲಿಲ್ಲ. ಅವರು ಯಾರದೆಂದು ತಿರುಗಿ ನೋಡಲಿಲ್ಲ. ಎತ್ತುಗಳ ಕೊರಳು ಬಿಟ್ಟು, ಅವುಗಳ ಮಗ್ಗುಲಲ್ಲೇ ನಡೆಯುತ್ತ, ಬಾ ನನ್ನಪ್ಪಾ, ಬಾ ನನ್ನಪ್ಪಾ ಎಂದು ಪಿಸುಗುಟ್ಟುತ್ತ ಇಳಿಸಿಕೊಂಡು ಹೋದರು. ಹಗ್ಗ ತಂತಿಯಂತಾಯಿತು. ಕೆಸರು ಬಿಡುವ ಸದ್ದು, ದೊಡ್ಡದೊಂದು ಬಾಯಿ ಚೀಪಿದಂತೆ, ಮೇಲಿನವರೆಗೂ ಕೇಳಿಸಿತು. ದೂಳಿನೊಳಗಿಂದ ಮೊದಲು ಎರಡು ಕೈ, ಆಮೇಲೆ ತಲೆ. ಮಣ್ಣಿನಿಂದ ಮಾಡಿದ ಮನುಷ್ಯನಂತೆ ಮಾಸ್ತರು ಬಂದರು. ನಾವು ಅವರನ್ನು ಹಿಡಿದೆಳೆದು ಬೇವಿನ ಮರದವರೆಗೂ ಹೊತ್ತೊಯ್ದೆವು. ಹಿಂದೆ ಉಳಿದ ಗೋಡೆ ಒಂದೇ ಏಟಿಗೆ ಇಳಿಯಿತು. ನಾನು ತಿರುಗಿ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ಹೆಚ್ಚು ಕಾಣುತ್ತದೆ.

ಎಷ್ಟು ವರ್ಷಗಳಾದವು. ಆಮೇಲೆ ನಾನೂ ಇಂಗ್ಲಿಷ್ ಪಾಸಾದೆ, ಮಾಸ್ತರನಾದೆ, ಅಥಣಿ ರಸ್ತೆಯಲ್ಲಿ ಮನೆ ಕಟ್ಟಿದೆ. ಹಿಯನ್ನೂ ಹಿಮ್ಮನ್ನೂ ಎಷ್ಟೋ ಮಕ್ಕಳಿಗೆ ಕಲಿಸಿದೆ. ಈಗಲೂ ಸುಮ್ಮನೆ ಕೂತಾಗ ಮನಸ್ಸು ಆ ದಂಡೆಗೆ ಹೋಗಿ ನಿಲ್ಲುತ್ತದೆ. ಒಂದು ಗಳಿಗೆ ತಡವಾಗಿದ್ದರೆ, ಒಂದು ಗಳಿಗೆ ಮೊದಲೇ ಕೂಗಿದ್ದರೆ ಎಂದು ಲೆಕ್ಕ ಹಾಕುತ್ತದೆ. ಪ್ರತಿಸಲವೂ ನನ್ನನ್ನು ನಡುಗಿಸುವುದು ಕುಸಿದ ಗೋಡೆಗಿಂತ ಹೆಚ್ಚಾಗಿ ಆಕೆಯ ಆ ಕಾಯುವಿಕೆ. ಇಡೀ ಆಯುಷ್ಯ ಬಾಯಿ ಕಟ್ಟಿ ಇಟ್ಟಿದ್ದ ಹೆಸರನ್ನು ಆಕೆ ಗಾಬರಿಗೆ ಬಿಟ್ಟುಕೊಡಲಿಲ್ಲ. ಅದು ಬೇಕಾದ ಗಳಿಗೆ ಬರುವವರೆಗೂ ಹಿಡಿದಿದ್ದು, ಬಂದಾಗ ಪೂರ್ತಿ ಕೊಟ್ಟರು. ಅಂಥ ಧೈರ್ಯವನ್ನು ನಾನು ಮತ್ತೆ ನೋಡಿಲ್ಲ. ನೋಡಿದರೆ ತಾಳಿಕೊಳ್ಳುತ್ತೇನೆಂದೂ ಹೇಳಲಾರೆ.

ಬೇವಿನ ಕೆಳಗೆ ಮಾಸ್ತರರ ಬಾಯೊಳಗಿನ ಮಣ್ಣು ತೆಗೆದರು. ಅವರು ಕೆಮ್ಮಿದರು, ಉಸಿರಾಡಿದರು. ಕಣ್ಣು ಬಿಟ್ಟು ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದರು. ನನ್ನನ್ನು ನೋಡಿ ದಾಟಿದರು. ಬಸಗೊಂಡಪ್ಪನವರು ನೊಗ ಬಿಚ್ಚುವ ನೆಪದಲ್ಲಿ ಮುಖ ಆ ಕಡೆ ಮಾಡಿ ನಿಂತಿದ್ದರು. ನೀಲಕ್ಕ ತಂಬಿಗೆ ಹಿಡಿದು ಬಂದು ಕೂತರು. ಸೆರಗು ಮತ್ತೆ ತಲೆಯ ಮೇಲಿತ್ತು. ಅದರ ಅಂಚಿನಲ್ಲಿ ಬಾವಿಯ ಮಣ್ಣಿತ್ತು.

“ಯಾರ ಕರದ್ರು ನನ್ನ?” ಎಂದು ಮಾಸ್ತರು ಕೇಳಿದರು.

ನೀಲಕ್ಕ ಅವರ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ತಂಬಿಗೆಯನ್ನು ತುಟಿಗೆ ಹಿಡಿದರು.

“ಯಾರರ ಕರದಿರ್ಲಿ,” ಎಂದರು, ನಮಗೆ ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ. “ಬಂದ್ರಲ್ಲ. ನೀರ ಕುಡೀರಿ.”